ಕುಂಬಳಕಾಯಿ ಕಳ್ಳನಿಂದ ಕಲಿತ ಕೊರಿಯೋಗ್ರಫಿ

ಒಂದು ಫ್ರೆಂಚ್ ಕಾದಂಬರಿಯನ್ನು ಮಾತಿಲ್ಲದ ನೃತ್ಯವಾಗಿ ಕಟ್ಟಿದ್ದೇನೆ. ಅದರ ಮೂರನೇ ಪ್ರದರ್ಶನ ಮುಗಿದ ಮೇಲೆ ಗೆಳೆಯರೊಬ್ಬರು ಗ್ರೀನ್ ರೂಮಿಗೆ ಬಂದರು. "ಇದು ಆಗೋ ಮಾತಲ್ಲ, ಬಿಟ್ಟುಬಿಡು" ಅಂತ ಶುರುವಿನಲ್ಲೇ ಹೇಳಿದ್ದವರು ಅವರು. ನನ್ನ ಕಡೆ ನೋಡಲೂ ಇಲ್ಲ. ನೇರವಾಗಿ ಕಮೀಲ್ ಪಾತ್ರದ ಹುಡುಗನ ಹತ್ತಿರ ಹೋಗಿ, "ನೀನು ನಿಜವಾಗ್ಲೂ ಏನೂ ಮಾಡಲ್ವಾ?" ಅಂತ ಕೇಳಿದರು. ಅವನು ನಕ್ಕ. 52 ನಿಮಿಷದ ಪ್ರಯೋಗದಲ್ಲಿ ಹತ್ತಿರ ಹತ್ತಿರ 40 ನಿಮಿಷ ಹೆಣವಾಗಿರುವುದು ಅವನ ಕೆಲಸ. ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ ಸುಸ್ತಾಗುವವನೂ ಅವನೇ.

ಆ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಕೊಚ್ಚಿಕೊಳ್ಳುವುದಕ್ಕೂ ಹೌದು.

ಕಾದಂಬರಿ ಎಮಿಲ್ ಜೋಲಾ ಬರೆದ 'ತೆರೇಸ್ ರಕ್ಯಾಂ', 1867ರದ್ದು. ಮೊದಲು ನನ್ನ ಕಣ್ಣಿದ್ದದ್ದು ಇದರ ಮೇಲಲ್ಲ. ಇತ್ತೀಚಿನ ಒಂದು ಪತ್ತೇದಾರಿ ಕಾದಂಬರಿಯ ಹುಚ್ಚು ಹಿಡಿದಿತ್ತು. ಹಕ್ಕು ಕೇಳಿ ಬರೆದೆ. ಎರಡು ತಿಂಗಳು ಬಿಟ್ಟು ಉತ್ತರ ಬಂತು. ಅವರು ಕೇಳಿದ ಮೊತ್ತ ನಮ್ಮ ಇಡೀ ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ! ಜೋಲಾ ತೀರಿಕೊಂಡದ್ದು 1902ರಲ್ಲಿ. ಮೂಲಕ್ಕೆ ಈಗ ಯಾರ ಅಪ್ಪಣೆಯೂ ಬೇಡ. ಹೊಸ ಅನುವಾದಗಳಿಗೆ ಹಕ್ಕು ಇರಬಹುದು, ಆದರೆ ನಾವು ವೇದಿಕೆ ಮೇಲೆ ಒಂದು ಮಾತೂ ಆಡುವುದಿಲ್ಲವಲ್ಲ. ಹೀಗೆ ದುಡ್ಡಿಲ್ಲದ್ದಕ್ಕೆ ಜೋಲಾ ಸಿಕ್ಕಿದರು.

ಓದಿಲ್ಲದವರಿಗೆ ಎರಡೇ ಮಾತಿನಲ್ಲಿ ಕಥೆ. ತೆರೇಸ್‌ಗೆ ಕಾಯಿಲೆಯ ಗಂಡ ಕಮೀಲ್, ಜೊತೆಗೆ ಅತ್ತೆ. ಗಂಡನ ಗೆಳೆಯ ಲೊರಾಂ ಅವಳ ಪ್ರಿಯಕರ. ಇಬ್ಬರೂ ಸೇರಿ ಕಮೀಲ್‌ನನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ಸೇನ್ ನದಿಗೆ ತಳ್ಳುತ್ತಾರೆ. ಬೀಳುವ ಮುಂಚೆ ಕಮೀಲ್ ಲೊರಾಂನ ಕುತ್ತಿಗೆ ಕಚ್ಚುತ್ತಾನೆ. ಯಾರಿಗೂ ಅನುಮಾನ ಬರುವುದಿಲ್ಲ. ಆಮೇಲೆ ಇಬ್ಬರೂ ಮದುವೆಯಾಗುತ್ತಾರೆ. ಆದರೆ ರಾತ್ರಿ ಹಾಸಿಗೆಯಲ್ಲಿ ಇಬ್ಬರ ನಡುವೆ ಸತ್ತವನು ಮಲಗಿರುತ್ತಾನೆ. ಪೊಲೀಸರ ಕಾಟವಿಲ್ಲ, ಕೋರ್ಟಿಲ್ಲ. ಕೊಲೆ ಮಾಡಿದ ಮೇಲೆ ಎರಡು ದೇಹಗಳಿಗೆ ಏನಾಗುತ್ತದೆ ಅನ್ನುವುದಷ್ಟೇ ಕಥೆ.

ಪುಸ್ತಕ ಬಂದಾಗ ಒಬ್ಬ ವಿಮರ್ಶಕ ಅದನ್ನು ಕೊಳೆತ ಸಾಹಿತ್ಯ ಅಂತ ಪತ್ರಿಕೆಯಲ್ಲಿ ಬೈದಿದ್ದ. 1868ರ ಎರಡನೇ ಮುದ್ರಣಕ್ಕೆ ಜೋಲಾ ಮುನ್ನುಡಿ ಬರೆದು ಉತ್ತರ ಕೊಟ್ಟರು. ಈ ಕೊಲೆಗಾರರ ಪಶ್ಚಾತ್ತಾಪ ಅಂತ ತಾವು ಕರೆಯಬೇಕಾಗಿ ಬಂದದ್ದು ಬರೀ ದೇಹದ ಏರುಪೇರು, ನರಗಳ ದಂಗೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ಓದಿದಾಗ ಕುರ್ಚಿಯಿಂದ ಎದ್ದು ನಿಂತೆ. ನಮ್ಮ ಕಸುಬಿನವರಿಗೆ ಇದಕ್ಕಿಂತ ಒಳ್ಳೆ ಸೂಚನೆ ಇನ್ನೆಲ್ಲಿ ಸಿಗಬೇಕು?

ಆ ಮುನ್ನುಡಿಯನ್ನು ಗೋಡೆಗೆ ಅಂಟಿಸಿಕೊಂಡೂ ಮೊದಲ ನಾಲ್ಕು ವಾರ ನಾನು ಮಾಡಿದ್ದು ಅದಕ್ಕೆ ಪೂರ್ತಿ ಉಲ್ಟಾ.

ಪಾಪಪ್ರಜ್ಞೆ ಅಂದ ತಕ್ಷಣ ಡ್ಯಾನ್ಸರ್‌ಗಳ ದೇಹ ಒಂದೇ ಕಡೆ ಹೋಗುತ್ತದೆ. ಹೊಟ್ಟೆ ಒಳಕ್ಕೆ, ಬೆನ್ನು ಬಾಗಿ, ಕೈ ಮುಖಕ್ಕೆ. ಆಮೇಲೆ ನೆಲದ ಮೇಲೆ ಉರುಳುವುದು. ಉಸಿರು ಜೋರಾಗಿ ಬಿಡುವುದು. ನಾನು ತಡೆಯಲಿಲ್ಲ, ಇನ್ನೂ ಹುರಿದುಂಬಿಸಿದೆ. ಕೈ ತೊಳೆಯುವ ಒಂದು ಸೀಕ್ವೆನ್ಸ್ ಕೂಡ ಇತ್ತು, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ನಾಲ್ಕನೇ ವಾರದ ಕೊನೆಗೆ 18 ನಿಮಿಷದ ವಿಡಿಯೋ ಮಾಡಿ ನಾಲ್ಕೈದು ಜನರಿಗೆ ತೋರಿಸಿದೆ. ಒಬ್ಬರು, "ಹೊಟ್ಟೆನೋವಿನ ಮಾತ್ರೆ ಜಾಹೀರಾತು ಥರ ಇದೆ" ಅಂದರು. ಸಿಟ್ಟು ಬಂತು. ಮನೆಗೆ ಹೋಗಿ ಆವಾಜು ಬಂದ್ ಮಾಡಿ ಮತ್ತೆ ನೋಡಿದೆ. ಸರಿಯಾಗಿಯೇ ಹೇಳಿದ್ದರು.

ಅದೇ ವಿಡಿಯೋ ಅನುದಾನ ಕೊಡುವವರ ಕೈಗೂ ಹೋಗಿತ್ತು. ಅವರು ಬೇಡ ಅಂದರು. ತಪ್ಪೇನಿಲ್ಲ.

ಎರಡನೇ ಅವಾಂತರಕ್ಕೆ ದುಡ್ಡು ಹೋಯಿತು. ಮುಖ ಬೇಡ ಅಂತಾದರೆ ವಸ್ತು ತರೋಣ ಅಂತ ದೋಣಿ ಮಾಡಿಸಿದೆ. ಚಕ್ರದ ಮೇಲೆ ಓಡುವ ನಿಜವಾದ ಮರದ ದೋಣಿ, 9 ಅಡಿ ಉದ್ದ. ಅದರ ಸುತ್ತ ಒಂದೂವರೆ ಇಂಚು ನೀರು ನಿಲ್ಲುವ ಹಾಗೆ ಟಾರ್ಪಾಲಿನ ತೊಟ್ಟಿ. ಮಾರ್ಲಿ ಮೇಲೆ, ಅಂದರೆ ಡ್ಯಾನ್ಸ್‌ಗೆ ನೆಲಕ್ಕೆ ಹಾಸುವ ವಿನೈಲ್ ಹಾಸಿನ ಮೇಲೆ, ನೀರು ಬಿದ್ದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ನನಗೂ ಗೊತ್ತಿತ್ತು, ಆದರೂ ಮಾಡಿದೆ. ಎರಡನೇ ದಿನ ತೆರೇಸ್ ಮಾಡುವ ಹುಡುಗಿ ಜಾರಿ ಮಣಿಕಟ್ಟು ಉಳುಕಿಸಿಕೊಂಡಳು, ಹತ್ತು ದಿನ ರಜೆ. ತೊಟ್ಟಿ ಸೋರಿ ಮಾರ್ಲಿಯ ಟೇಪ್ ಎಲ್ಲ ಎದ್ದು ಬಂತು. ಹಾಲ್‌ನವರು ನೆಲ ಹಾಳಾಯಿತು ಅಂತ ಠೇವಣಿಯಲ್ಲಿ ಅರ್ಧ ಹಿಡಿದುಕೊಂಡರು. ದೋಣಿಯನ್ನು ಮರದ ಬೆಲೆಗೆ ಕೊಟ್ಟೆವು. ಎಲ್ಲ ಸೇರಿ ಬಜೆಟ್ಟಿನ ನೂರಕ್ಕೆ ಹದಿನೈದು ಭಾಗ ನೀರಿಗೇ ಹೋಯಿತು ಅನ್ನಬೇಕು. ಇಷ್ಟೆಲ್ಲ ಆದ ಮೇಲೆ ಗಮನಿಸಿದ್ದೇನು ಗೊತ್ತಾ? 1873ರಲ್ಲಿ ಜೋಲಾ ತಾವೇ ಈ ಕಾದಂಬರಿಯನ್ನು ನಾಟಕ ಮಾಡಿದರು. ನಾಟಕವೆಲ್ಲ ನಡೆಯುವುದು ಒಂದೇ ಕೋಣೆಯಲ್ಲಿ. ನದಿ ವೇದಿಕೆಗೆ ಬರುವುದೇ ಇಲ್ಲ. ಬರೆದವರೇ ಬಿಟ್ಟ ನದಿಯನ್ನು ನಾನು ಟಾರ್ಪಾಲಿನಲ್ಲಿ ತುಂಬಲು ಹೋಗಿದ್ದೆ.

ದಾರಿ ಸಿಕ್ಕಿದ್ದು ಒಂದು ನೀರಿನ ಬಾಟಲಿಯಿಂದ. ತಾಲೀಮಿನ ಬಿಡುವಿನಲ್ಲಿ ಯಾರೋ, "ನನ್ನ ನೀಲಿ ಬಾಟಲ್ ಯಾರು ತಗೊಂಡ್ರು?" ಅಂತ ಕೂಗಿದರು. ಲೊರಾಂ ಮಾಡುವವನ ಕೈ ಸರಕ್ಕನೆ ತನ್ನ ಬ್ಯಾಗಿನ ಮೇಲೆ ಹೋಯಿತು. ಅವನು ತೆಗೆದುಕೊಂಡಿರಲಿಲ್ಲ, ಪಾಪ. ಆದರೂ ಹೋಯಿತು. ನಮ್ಮ ತಂಡದ ಹಿರಿಯ ಕಲಾವಿದೆ 'ಅಮ್ಮ' ಮೂಲೆಯಿಂದ, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ" ಅಂದರು. ಎಲ್ಲರೂ ನಕ್ಕರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಚಿಕ್ಕಂದಿನಿಂದ ಕೇಳಿದ ಗಾದೆ. ಅದರಲ್ಲಿ ಅಳುವಿಲ್ಲ, ಮುಖ ಮುಚ್ಚಿಕೊಳ್ಳುವುದಿಲ್ಲ. ಕೈ ಹೆಗಲಿಗೆ ಹೋಗುತ್ತದೆ, ಅಷ್ಟೇ. ಹೊತ್ತ ಜಾಗವನ್ನು ದೇಹ ಮರೆತಿಲ್ಲ. ಕಾದಂಬರಿಯಲ್ಲಿ ಲೊರಾಂನ ಕುತ್ತಿಗೆಯ ಹಲ್ಲಿನ ಗುರುತೂ ಇದೇ ಅಲ್ವಾ? ಮದುವೆಯ ರಾತ್ರಿ ಅದಕ್ಕೆ ಮುತ್ತು ಕೊಡು ಅಂತ ಅವನು ತೆರೇಸ್‌ಳನ್ನು ಪೀಡಿಸುತ್ತಾನೆ.

ಮಾರನೇ ದಿನ ಎಲ್ಲರಿಗೂ ಒಂದು ಕೆಲಸ ಕೊಟ್ಟೆ. ಮೈ ಮೇಲೆ ಒಂದು ಜಾಗ ಆರಿಸಿಕೊಳ್ಳಿ, ಅಂಗೈಯಷ್ಟು. ಯಾರಿಗೂ ಹೇಳಬೇಡಿ. ನಾನು ಚಪ್ಪಾಳೆ ತಟ್ಟಿದಾಗೆಲ್ಲ ಕೈ ಅಲ್ಲಿಗೆ ಹೋಗಬೇಕು. ಒಂದು ಗಂಟೆ ಮಾಡಿಸಿದೆ. ಚೆನ್ನಾಗಿಯೇ ಇತ್ತು, ಆದರೆ ಸೊಳ್ಳೆ ಹೊಡೆದ ಹಾಗೆ ಕಾಣುತ್ತಿತ್ತು. ಮೂರನೇ ದಿನ ನಿಯಮ ತಿರುಗಿಸಿದೆ. ಕೈ ಅಲ್ಲಿಗೆ ಹೋಗಲೇಬೇಕು ಅನ್ನಿಸಬೇಕು, ಆದರೆ ಹೋಗಕೂಡದು.

ಅಲ್ಲಿಂದ ಎಲ್ಲ ಬದಲಾಯಿತು. ಕೈಯನ್ನು ತಡೆದರೆ ಮೊಣಕೈ ಏಳುತ್ತದೆ. ಮೊಣಕೈಯನ್ನು ತಡೆದರೆ ಆ ಕಡೆಯ ಸೊಂಟ ಜರುಗುತ್ತದೆ. ತೂಕ ಇನ್ನೊಂದು ಕಾಲಿಗೆ ಹೋಗುತ್ತದೆ. ನೋಟ ಎಲ್ಲೋ ಬೇರೆ ಕಡೆ ಓಡುತ್ತದೆ. ನಾನು ಹೇಳಿಕೊಟ್ಟರೆ ನೂರು ವರ್ಷಕ್ಕೂ ಬರದಂಥ ವಕ್ರ ಚಲನೆಗಳು. ಮುಖ ಮಾತ್ರ ಖಾಲಿ, ಅದು ಕೈ ಕಾಯುವುದರಲ್ಲೇ ಮುಳುಗಿರುತ್ತದೆ. ಎರಡು ವಾರದಲ್ಲಿ 14 ನಿಮಿಷದ ಸಾಮಗ್ರಿ ಸಿಕ್ಕಿತು. ನಾನು ಸೇರಿಸಿದ್ದು ಕಡಿಮೆ, ಕತ್ತರಿಸಿದ್ದೇ ಜಾಸ್ತಿ.

ಕಮೀಲ್‌ನ ಪ್ರಶ್ನೆ ಉಳಿದಿತ್ತು. ಸತ್ತವನನ್ನು ಬೆಳಕಿನಲ್ಲೋ ನೆರಳಿನಲ್ಲೋ ಸೂಚಿಸು ಅಂತ ಎಲ್ಲರ ಸಲಹೆ. ನನಗೆ ಅವನು ಕಿಲೋ ಲೆಕ್ಕದಲ್ಲಿ ಬೇಕಾಗಿತ್ತು. ಕೊಲೆಯಾದ ಮೇಲೆ ಅವನು ವೇದಿಕೆ ಬಿಟ್ಟು ಹೋಗುವುದೇ ಇಲ್ಲ, ಇಬ್ಬರಲ್ಲಿ ಒಬ್ಬರ ಮೈ ಮೇಲೆ ಯಾವಾಗಲೂ ಇರುತ್ತಾನೆ ಅಂದೆ. ಗೆಳೆಯರು ಆಗೋ ಮಾತಲ್ಲ ಅಂದದ್ದು ಇದಕ್ಕೇ. "ವಿಕ್ರಮ ಬೇತಾಳ ಮಾಡ್ತೀಯಾ? ಹತ್ತು ನಿಮಿಷಕ್ಕೆ ಜನ ನಗ್ತಾರೆ, ಇಪ್ಪತ್ತು ನಿಮಿಷಕ್ಕೆ ಇವನ ಬೆನ್ನು ಹೋಗುತ್ತೆ." ಎರಡೂ ಸುಳ್ಳಲ್ಲ. ಜನ ನಕ್ಕರು, ಅದಕ್ಕೆ ಆಮೇಲೆ ಬರುತ್ತೇನೆ.

ಬೆನ್ನಿನ ವಿಷಯ. ಹುಡುಗ 58 ಕಿಲೋ. ಒದ್ದೆ ಉಣ್ಣೆ ಕೋಟು ಹಾಕಿದರೆ ಇನ್ನೊಂದು 4 ಕಿಲೋ. ಲೊರಾಂ 70ರ ಆಸುಪಾಸು, ತೆರೇಸ್ 52. ಸಹಕರಿಸುವ ದೇಹವನ್ನು ಎತ್ತುವುದು ಬೇರೆ, ಸಹಕರಿಸದ ದೇಹ ಬೇರೆ. ಮೊದಲು ನಾನು ಕಾಂಟ್ಯಾಕ್ಟ್ ಇಂಪ್ರೊವೈಸೇಶನ್ ಚೆನ್ನಾಗಿ ಬಲ್ಲ ಒಬ್ಬನನ್ನು ಹೆಣ ಮಾಡಿದೆ. ಅದು ದೊಡ್ಡ ತಪ್ಪು. 1972ರಲ್ಲಿ ಸ್ಟೀವ್ ಪ್ಯಾಕ್ಸ್‌ಟನ್ ಶುರು ಮಾಡಿದ ಆ ಪದ್ಧತಿಯ ಜೀವಾಳವೇ ಇಬ್ಬರೂ ತೂಕ ಹಂಚಿಕೊಳ್ಳುವುದು, ಒಬ್ಬರನ್ನೊಬ್ಬರು ಮೈಯಿಂದ ಕೇಳಿಸಿಕೊಳ್ಳುವುದು. ಆ ಹುಡುಗನಿಗೆ ಕೇಳಿಸಿಕೊಳ್ಳದೆ ಇರಲು ಬರುತ್ತಲೇ ಇರಲಿಲ್ಲ. ಎತ್ತಲು ಹೋದರೆ ತಾನೇ ಹಗುರಾಗಿಬಿಡುತ್ತಿದ್ದ. ಎಷ್ಟು ಒಳ್ಳೆಯ ಡ್ಯಾನ್ಸರೋ ಅಷ್ಟು ಕೆಟ್ಟ ಹೆಣ. ಕೊನೆಗೆ ಅವನನ್ನು ಗುರುವಾರ ಗುರುವಾರ ಅತ್ತೆಯ ಮನೆಗೆ ಬರುವ ಅತಿಥಿಯ ಪಾತ್ರಕ್ಕೆ ಹಾಕಿ, ನೆಲದ ಮೇಲೆ ಬಿದ್ದು ಉರುಳುವ ಕೆಲಸ ಚೆನ್ನಾಗಿರುವ ಈ ಹುಡುಗನನ್ನು ತಂದೆ.

ಪೂರ್ತಿ ಸಡಿಲವಾದರೂ ಕಷ್ಟ. ತಲೆ ಹಿಂದಕ್ಕೆ ಜೋತು ಬಿದ್ದರೆ ಕುತ್ತಿಗೆ ಹೋಯಿತು ಅಂತಲೇ ಅರ್ಥ. ಅದಕ್ಕೆ ನಮ್ಮ ಹೆಣ ಎರಡು ಕಡೆ ಬದುಕಿರುತ್ತಾನೆ. ಕುತ್ತಿಗೆಯ ಮುಂಭಾಗ ಮತ್ತು ಕೆಳಹೊಟ್ಟೆ. ಉಳಿದದ್ದೆಲ್ಲ ಸಾಯಬೇಕು. ಎತ್ತುವವರಿಗೆ ಇದ್ದ ನಿಯಮ ಒಂದೇ, ತೋಳಿನಿಂದ ಎತ್ತಬಾರದು. ನಿಮ್ಮ ಸೊಂಟವನ್ನು ಅವನ ಸೊಂಟದ ಕೆಳಗೆ ತನ್ನಿ, ಆಮೇಲೆ ಅವನು ನಿಮ್ಮ ಮೇಲೆ ಬೀಳಲಿ. ಎತ್ತುವುದು ಅನ್ನುವ ಮಾತನ್ನೇ ತಾಲೀಮಿನಲ್ಲಿ ನಿಷೇಧಿಸಿದೆ, "ಕೆಳಗೆ ಹೋಗು" ಅಂತ ಹೇಳುತ್ತಿದ್ದೆ. ಆರು ವಾರದಲ್ಲಿ ಎರಡು ಪಕ್ಕೆಲುಬಿಗೆ ಪೆಟ್ಟು, ಒಂದು ಸೊಂಟ ಹಿಡಿದದ್ದು, ಮೊಣಕಾಲು ತರಚಿದ್ದಕ್ಕೆ ಲೆಕ್ಕವಿಲ್ಲ. ಫಿಸಿಯೋಗೆ ಕೊಟ್ಟ ದುಡ್ಡು ಲೈಟಿಗೆ ಕೊಟ್ಟ ದುಡ್ಡಿನ ಅರ್ಧದಷ್ಟಾಯಿತು. ಬೆನ್ನು ಮಾತ್ರ ಯಾರದೂ ಹೋಗಲಿಲ್ಲ.

ಇಡೀ ಪ್ರಯೋಗದಲ್ಲಿ ನನಗೆ ಹೆಮ್ಮೆ ಇರುವುದು ಹಾಸಿಗೆ ದೃಶ್ಯದ ಬಗ್ಗೆ. ಹಾಸಿಗೆ ಇಲ್ಲ, ಮಾಡಿಸಲು ದುಡ್ಡೂ ಇರಲಿಲ್ಲ. ನೆಲಮಟ್ಟದಲ್ಲಿ ಎರಡು ಕಡೆಯಿಂದ ಸೈಡ್ ಲೈಟ್, ನಡುವೆ ಒಂದು ಚೌಕ, ಅಷ್ಟೇ. ಮಾಡಿದ್ದು ಹೀಗೆ. ಕೊಲೆಗೆ ಮುಂಚೆ ಲೊರಾಂ ಮತ್ತು ತೆರೇಸ್‌ಗೆ ಮೂರೂವರೆ ನಿಮಿಷದ ಪ್ರೇಮದ ಡ್ಯುಯೆಟ್ ಇದೆ. ಅದನ್ನು ನಿಜವಾಗಿ ಚೆನ್ನಾಗಿ ಕಟ್ಟಿದೆ, ಜೊಲ್ಲು ಸುರಿಸುವಷ್ಟು ಚೆನ್ನಾಗಿ. ಒಂದು ತಿಂಗಳು ತಿದ್ದಿದೆ. ಮದುವೆಯಾದ ಮೇಲೆ ಇಬ್ಬರೂ ಅದೇ ಡ್ಯುಯೆಟ್ ಮಾಡಬೇಕು, ಅದೇ ಕೌಂಟ್, ಅದೇ ಹಿಡಿತ, ಒಂದು ಹೆಜ್ಜೆಯೂ ಬದಲಾಗಕೂಡದು. ವ್ಯತ್ಯಾಸ ಇಷ್ಟೇ, ನಡುವೆ ಕಮೀಲ್ ಬಿದ್ದಿರುತ್ತಾನೆ.

ಮೊದಲ ದಿನ ಮೂರೂವರೆ ನಿಮಿಷದ್ದು ಹನ್ನೊಂದು ನಿಮಿಷವಾಯಿತು. ಅವಳ ಕೆನ್ನೆಗೆ ಹೋಗಬೇಕಾದ ಕೈ ಹೆಣದ ಕಂಕುಳಲ್ಲಿ ಸಿಕ್ಕಿಹಾಕಿಕೊಂಡಿತು. ತೆರೇಸ್ ಹಾರಿ ಅವನ ಎದೆಗೆ ಬರುವ ಜಾಗದಲ್ಲಿ ಹೆಣದ ಬೆನ್ನಿಗೆ ಬಂದಳು. "ಅಕ್ಕಾ, ಇದು ಆಗಲ್ಲ, ಸ್ಟೆಪ್ ಬದಲಾಯಿಸೋಣ" ಅಂದಳು. ಆಗದೇ ಇರುವುದೇ ದೃಶ್ಯ ಅಂತ ಅವಳಿಗೆ ಒಪ್ಪಿಸಲು ಒಂದು ವಾರ ಹಿಡಿಯಿತು. ಈಗ ಅದು ಒಂಬತ್ತು ನಿಮಿಷಕ್ಕೆ ನಿಂತಿದೆ. ಮೊದಲ ಡ್ಯುಯೆಟ್ ನೋಡಿ ಖುಷಿಪಟ್ಟವರು ಅದೇ ಹಿಡಿತಗಳನ್ನು ಗುರುತು ಹಿಡಿಯುತ್ತಾರೆ. ಆಗ ಸಭಾಂಗಣದಲ್ಲಿ ಒಂದು ಥರದ ಮೌನ ಬರುತ್ತದೆ. ನಾನು ಅದನ್ನು ಕೇಳಲೆಂದೇ ಹಿಂದಿನ ಸಾಲಿನಲ್ಲಿ ನಿಲ್ಲುತ್ತೇನೆ.

ಕೋಟು ಆರದೆ ಒದ್ದೆಯಾಗಿಯೇ ಇರುತ್ತದೆ, ಆದರೆ ಮಾರ್ಲಿ ಮೇಲೆ ಒಂದು ಹನಿ ಬೀಳುವುದಿಲ್ಲ. ಅದರ ಒಳಪದರಕ್ಕೆ ಏನು ಹೊಲಿದಿದ್ದೇವೆ ಅಂತ ತುಂಬಾ ಜನ ಕೇಳಿದ್ದಾರೆ. ಹೇಳುವುದಿಲ್ಲ. ದೋಣಿಗೆ ಹಾಕಿದ ದುಡ್ಡಿಗೆ ಇದೊಂದಾದರೂ ನನ್ನ ಹತ್ತಿರ ಉಳಿಯಲಿ.

ಅತ್ತೆಯ ಪಾತ್ರ ಅಮ್ಮನದು. ವಯಸ್ಸು 61, ಮೊಣಕಾಲು ಎರಡೂ ಕೈಕೊಟ್ಟಿವೆ. ಕಾದಂಬರಿಯಲ್ಲಿ ಅತ್ತೆಗೆ ಪಾರ್ಶ್ವವಾಯು ಬಡಿದ ಮೇಲೆ ಸತ್ಯ ಗೊತ್ತಾಗುತ್ತದೆ. ಮಾತಿಲ್ಲ, ಮೈ ಆಡುವುದಿಲ್ಲ, ಕಣ್ಣು ಮಾತ್ರ. ಒಂದು ಗುರುವಾರ ಅತಿಥಿಗಳು ಡಾಮಿನೋ (ಚುಕ್ಕಿ ಬಿಲ್ಲೆಗಳ ಆಟ) ಆಡುತ್ತಿರುವಾಗ ಕಷ್ಟಪಟ್ಟು ಬೆರಳಿನಿಂದ ಮೇಜಿನ ಮೇಲೆ ಬರೆಯಲು ಹೊರಡುತ್ತಾಳೆ. ತೆರೇಸ್ ಮತ್ತು ಲೊರಾಂ ಅನ್ನುವವರೆಗೆ ಬಂದು ಬೆರಳು ನಿಂತುಬಿಡುತ್ತದೆ. ಇಬ್ಬರೂ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ ಹೇಳುತ್ತಿದ್ದಾಳೆ ಎಂದು ಅತಿಥಿಯೊಬ್ಬ ಅರ್ಥ ಹೇಳಿಬಿಡುತ್ತಾನೆ! ಇಂಥ ದೃಶ್ಯ ಬಿಡುವುದುಂಟೇ? ಆದರೆ ಆರನೇ ಸಾಲಿನಿಂದಾಚೆಗೆ ಬೆರಳು ಯಾರಿಗೆ ಕಾಣುತ್ತದೆ? ಕ್ಯಾಮೆರಾ ಇಟ್ಟು ಪರದೆ ಮೇಲೆ ದೊಡ್ಡದಾಗಿ ತೋರಿಸಿ ನೋಡಿದೆವು. ಎಲ್ಲರೂ ಪರದೆ ನೋಡಿದರು, ಅಮ್ಮನನ್ನು ಯಾರೂ ನೋಡಲಿಲ್ಲ. ತೆಗೆದೆ. ಮೇಜಿನ ಅಡಿಗೆ ಮರದ ಕಂಪನವನ್ನೇ ಹಿಡಿಯುವ ಕಾಂಟ್ಯಾಕ್ಟ್ ಮೈಕ್ ಅಂಟಿಸಿ, ಮೇಲೆ ಮೇಣದ ಬಟ್ಟೆ ಹಾಸಿದೆವು. ಈಗ ಡಾಮಿನೋ ಬಿದ್ದರೆ ಎಲುಬು ಬಿದ್ದ ಸದ್ದು. ಬೆರಳು ಎಳೆದರೆ ಬಾಗಿಲು ಕೆರೆದ ಹಾಗೆ. ಬೆರಳು ಕಾಣದಿದ್ದರೂ ಪರವಾಗಿಲ್ಲ.

ಮಧ್ಯೆ ಹುಚ್ಚಾಟಗಳೂ ನಡೆದವು. ಕೊಲೆಗಾರರಿಗೆ ನಿದ್ದೆ ಇಲ್ಲವಲ್ಲ, ಅದಕ್ಕೆ ಒಂದು ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ತಾಲೀಮು ಇಟ್ಟೆ. ನಿದ್ದೆಗೆಟ್ಟ ಡ್ಯಾನ್ಸರ್‌ಗಳಲ್ಲಿ ಪಾಪಪ್ರಜ್ಞೆ ಬರುವುದಿಲ್ಲ, ಸುಮ್ನೆ ಕಿಸಿಕಿಸಿ ನಗು ಬರುತ್ತದೆ. ಒಂದು ಪಾದವೂ ಉಳುಕಿತು. ಇನ್ನೊಂದು ಆಟ ಮಾತ್ರ ಉಳಿಯಿತು. ಕೊನೆಯ ಹತ್ತು ನಿಮಿಷದ ಸಂಗೀತದ ಅಡಿಯಲ್ಲಿ ಒಂದು ತಾಳ ಇದೆ. ಅದನ್ನು ನಿಮಿಷಕ್ಕೆ 60 ಬೀಟಿನಿಂದ ಶುರು ಮಾಡಿ ಪ್ರತಿ ನಿಮಿಷ ಒಂದೊಂದೇ ಬೀಟ್ ಏರಿಸುತ್ತೇವೆ. ತಾಲೀಮಿನಲ್ಲಿ ಡ್ಯಾನ್ಸರ್‌ಗಳಿಗೆ ಹೇಳಿರಲಿಲ್ಲ, ಅವರಿಗೆ ಗೊತ್ತೂ ಆಗಲಿಲ್ಲ. ನೋಡುತ್ತಿದ್ದವರು ಮಾತ್ರ ಕುರ್ಚಿಯಲ್ಲಿ ಮಿಸುಕಾಡತೊಡಗಿದರು. ತಾಳದಿಂದಲೋ, ಕುರ್ಚಿಯಿಂದಲೋ, ಯಾರು ಕಂಡರು. ಇರಲಿ ಅಂತ ಇಟ್ಟುಕೊಂಡೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ, ಬರೆದ ಪುಸ್ತಕ ಎಲ್ಲೋ ಹೋಗಿದೆ. ನೂರರಲ್ಲಿ ಮೂವತ್ತೈದು ತಾಲೀಮಿನ ಹಾಲ್ ಬಾಡಿಗೆಗೆ. ಮೂವತ್ತು ಡ್ಯಾನ್ಸರ್‌ಗಳಿಗೆ, ಅದು ಅವರಿಗೆ ಸಲ್ಲಬೇಕಾದದ್ದಕ್ಕಿಂತ ತುಂಬಾ ಕಡಿಮೆ. ಹದಿನೈದು ದೋಣಿ. ಹತ್ತು ಲೈಟು, ಐದು ಫಿಸಿಯೋ, ಮಿಕ್ಕದ್ದು ಸೌಂಡು, ಬಟ್ಟೆ, ಓಡಾಟ. ನನ್ನ ಸಂಭಾವನೆ ಅನ್ನುವ ಸಾಲು ಮೊದಲ ಹಾಳೆಯಲ್ಲಿತ್ತು, ಎರಡನೇ ಹಾಳೆಯಲ್ಲಿ ಇರಲಿಲ್ಲ. ಮೂರು ಪ್ರಯೋಗದ ಟಿಕೆಟ್ಟಿನಿಂದ ಹಾಕಿದ್ದರ ಅರ್ಧ ವಾಪಸ್ ಬಂದಿದೆ. ದೋಣಿ ಮಾಡಿಸದಿದ್ದರೆ ಇನ್ನೊಂದು ಪ್ರಯೋಗಕ್ಕೆ ಹೆಚ್ಚುಕಡಿಮೆ ಸಾಕಾಗುತ್ತಿತ್ತು.

ಇನ್ನು ನಗು. ಮೊದಲ ಪ್ರಯೋಗದಲ್ಲಿ ಲೊರಾಂ ಹೆಣವನ್ನು ಮೊದಲ ಸಲ ಹೆಗಲಿಗೆ ತೆಗೆದುಕೊಂಡಾಗ ಕಮೀಲ್‌ನ ಕೈ ಜೋತು ಬಿದ್ದು ಲೊರಾಂನ ಹಿಂಭಾಗಕ್ಕೆ ಪಟ್ ಅಂತ ಹೊಡೆಯಿತು. ಒಬ್ಬ ನಕ್ಕ, ಆಮೇಲೆ ಒಂದು ಸಾಲು ನಕ್ಕಿತು. ಬೇತಾಳ ಅಂದವರ ಮುಖ ನನಗೆ ಕತ್ತಲಲ್ಲೂ ಕಾಣುತ್ತಿತ್ತು. ಆ ರಾತ್ರಿ ವಿಡಿಯೋ ನೋಡಿದಾಗ ಗೊತ್ತಾಯಿತು, ತಪ್ಪು ಸಂಗೀತದ್ದು. ಚೆಲ್ಲೋ ಅಳುತ್ತಿರುವಾಗ ಕೈ ಪಟ್ ಅಂದರೆ ಯಾರಿಗಾದರೂ ನಗು ಬರುತ್ತದೆ. ಎರಡನೇ ಪ್ರಯೋಗಕ್ಕೆ ಅಲ್ಲಿ ಸಂಗೀತ ಪೂರ್ತಿ ತೆಗೆದೆ. ಹೆಗಲಿಗೆ ಬರುವ ಮುಂಚೆ 40 ಸೆಕೆಂಡು ಬರೀ ನೆಲದ ಮೇಲೆ ಎಳೆಯುವುದು. ಒದ್ದೆ ಉಣ್ಣೆ ಮಾರ್ಲಿ ಮೇಲೆ ಉಜ್ಜುವ ಸದ್ದು, ಲೊರಾಂನ ಉಸಿರು. ಕೈ ಈಗಲೂ ಪಟ್ ಅನ್ನುತ್ತದೆ. ಯಾರೂ ನಗುವುದಿಲ್ಲ.

ಕೊನೆ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಕಾದಂಬರಿಯಲ್ಲಿ ಇಬ್ಬರೂ ವಿಷ ಕುಡಿದು ಬೀಳುತ್ತಾರೆ. ಬೀಳುವಾಗ ತೆರೇಸ್‌ಳ ಬಾಯಿ ಲೊರಾಂನ ಕುತ್ತಿಗೆಯ ಅದೇ ಗುರುತಿಗೆ ತಾಗುತ್ತದೆ. ಅತ್ತೆ ಹತ್ತಿರ ಹತ್ತಿರ ಹನ್ನೆರಡು ಗಂಟೆ ಅವರನ್ನೇ ನೋಡುತ್ತಾ ಕೂತಿರುತ್ತಾಳೆ. ನಮ್ಮ ಹತ್ತಿರ ಅಷ್ಟು ಹೊತ್ತು ಹಾಲ್ ಇರುವುದಿಲ್ಲ, ಒಂದು ನಿಮಿಷ ಐವತ್ತು ಸೆಕೆಂಡು ಇಟ್ಟಿದ್ದೇನೆ. ಆ ಹೊತ್ತಿನಲ್ಲಿ ಕಮೀಲ್ ಎದ್ದು, ಕೋಟು ಕೊಡವಿ, ನಡೆದು ಹೋಗಲಿ ಅಂತ ತಂಡದವರ ಆಸೆ. ಒಂದು ಸಲ ಮಾಡಿ ನೋಡಿದೆವು. ಸೊಗಸಾಗಿತ್ತು, ಅದಕ್ಕೇ ತೆಗೆದೆ. ಅವನು ಎದ್ದು ಹೋದರೆ ನೋಡುವವರ ಹೆಗಲೂ ಹಗುರಾಗಿಬಿಡುತ್ತದೆ. ಈಗ ಮೂವರೂ ರಾಶಿಯಾಗಿ ಬಿದ್ದಿರುತ್ತಾರೆ, ಕಮೀಲ್ ಎಲ್ಲಕ್ಕಿಂತ ಮೇಲೆ. ಅಮ್ಮ ರೆಪ್ಪೆ ಬಡಿಯುವುದಿಲ್ಲ. ಅದನ್ನು ಅವರು ಹೇಗೆ ಮಾಡುತ್ತಾರೆ ಅಂತ ನಾನೂ ಕೇಳಿದ್ದೇನೆ. ಅವರೂ ಹೇಳಲಿಲ್ಲ.

ನಾಲ್ಕನೇ ಪ್ರಯೋಗಕ್ಕೆ ಕಮೀಲ್ ಬದಲಾಗುತ್ತಿದ್ದಾನೆ. ಹಳೆಯವನಿಗೆ ಬೇರೆ ತಂಡದ ಜೊತೆ ಪ್ರವಾಸ ಸಿಕ್ಕಿದೆ. ಹೊಸಬ ಹೆಣವಾಗುವುದರಲ್ಲಿ ಇವನಿಗಿಂತ ಜಾಣ, ಮೊದಲ ದಿನವೇ ಸತ್ತ. ತೂಕ 66 ಕಿಲೋ, ಕೋಟು ಬಿಟ್ಟು. ಲೊರಾಂ ಮಾಡುವವನಿಗೆ ಫೋನಿನಲ್ಲಿ ಹೇಳಿದರೆ ಬೇಜಾರಾಗಬಹುದು ಅಂತ ತಾಲೀಮಿಗೆ ಬಂದಾಗ ಎದುರಿಗೇ ಹೇಳಿದೆ. "ಪರವಾಗಿಲ್ಲ ಅಕ್ಕಾ" ಅಂದ. ಮುಖದಲ್ಲಿ ಏನೂ ಇರಲಿಲ್ಲ. ಕೈ ಮಾತ್ರ ಸೊಂಟಕ್ಕೆ ಹೋಗಿತ್ತು.